ಬೆಳಗಿನ ಪ್ರಾರ್ಥನೆಯಲ್ಲಿ ಶಬ್ರೀನ್

"ಇಂದಿನ ಸುದ್ದಿ. ಕೆ.ಆರ್.ಎಸ್.ನಿಂದ ನಾ... ನಾ..." ಅಷ್ಟಕ್ಕೆ ಶಬ್ರೀನಳ ಮಾತು ನಿಂತುಹೋಯಿತು. ಅರಕೆರೆಯ ಆ ಪುಟ್ಟ ಶಾಲೆಯ ಅಂಗಳದಲ್ಲಿ ಪ್ರಾರ್ಥನೆಗೆ ಸೇರಿದ್ದ ಮಕ್ಕಳೆಲ್ಲ ಅವಳನ್ನೇ ನೋಡುತ್ತಿದ್ದರು.

ಗೇಟಿನ ಬಳಿ ಅವಳ ಅಪ್ಪ ಮುಬಾರಕ್ ನಿಂತಿದ್ದ. ಮನೆಯಲ್ಲಿ ಮಗಳು ತೊದಲಿದಾಗೆಲ್ಲ ಅವನೇ ಮಾತು ಮುಗಿಸಿಕೊಡುತ್ತಿದ್ದ. ಅವಳನ್ನು ಈ ಶಾಲೆ ಬಿಡಿಸಿ ಶ್ರೀರಂಗಪಟ್ಟಣದ ದೊಡ್ಡ ಶಾಲೆಗೆ ಸೇರಿಸುತ್ತೇನೆಂದು ಹೇಳಲು ಅವತ್ತು ಬಂದಿದ್ದ. ಈಗ ಮಕ್ಕಳೆಲ್ಲ ನಕ್ಕುಬಿಟ್ಟರೆ? ತಡೆಯಲಾರದೆ ಮುಂದೆ ಬಂದು, "ಬೇಟಿ, ಅದು..." ಎಂದ.

ಹಿಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. "ಸುಮ್ಕಿರಿ ಮಾಮ. ಅವ್ಳೇ ಏಳ್ತಾಳೆ, ನಾವು ಕಾಯ್ತೀವಿ."

ಯಾರೂ ನಗಲಿಲ್ಲ. ರಮ್ಯ ಮಿಸ್ ಕೂಡ ಅವಸರವಿಲ್ಲದೆ ಕಾಯುತ್ತಿದ್ದರು. ಶಬ್ರೀನ್ ಉಸಿರೆಳೆದುಕೊಂಡು, "ನಾಲೆಗೆ ನೀರು ಬಿಡಲಾಗಿದೆ" ಎಂದಳು. ಅದರಲ್ಲೇನೂ ವಿಶೇಷವಿಲ್ಲವೆಂಬಂತೆ ಮಕ್ಕಳು ಮುಂದಿನ ಸುದ್ದಿಗೆ ಕಿವಿಗೊಟ್ಟರು.

ಪ್ರಾರ್ಥನೆ ಮುಗಿದ ಮೇಲೆ ರಮ್ಯ ಮಿಸ್ ಬಂದು, "ಏನೋ ಮಾತಾಡ್ಬೇಕು ಅಂದಿದ್ರಲ್ಲ?" ಎಂದು ಕೇಳಿದರು.

ಮುಬಾರಕ್ ಕಣ್ಣೊರೆಸಿಕೊಂಡ. "ಏನಿಲ್ಲ ಮಿಸ್. ಮಗ್ಳು ಸುದ್ದಿ ಓದ್ತಾಳಲ್ಲ, ಕೇಳಾನ ಅಂತ ಬಂದೆ."