ಮೆಣಸಿನಕಾಯಿ ನಿಲ್ಲುವ ಜಾಲರಿ

ಹೀಟರ್ ಹಾಕಿದಾಗ ಬಿಸಿಗಾಳಿ ಹೊರಬರುವ ನೆಲದ ಜಾಲರಿಯಿಂದ ಬಿಸಿ ಕಬ್ಬಿಣದ ವಾಸನೆ ಬಂದರೆ ನನಗೆ ಈಗಲೂ ಹುಳಿ ಮಜ್ಜಿಗೆಯ ನೆನಪಾಗುತ್ತದೆ.

ಅಮೆರಿಕದ ಬಾಥೆಲ್‌ನ ನಮ್ಮ ಮನೆಗೆ ಆ ಜಾಲರಿ ಆರಿಸಲು ಅಪ್ಪ, ಅಜ್ಜಿ, ನಾನು ಅಂಗಡಿಗೆ ಹೋಗಿದ್ದೆವು. ಅಪ್ಪನಿಗೆ ಕಣ್ಣಿಗೆ ಬೀಳದ ಬಿಳಿ ಪ್ಲಾಸ್ಟಿಕ್ ಸಾಕಿತ್ತು. ಅಜ್ಜಿ ಸ್ವೆಟರ್ ಜೇಬಿನಿಂದ ಮಜ್ಜಿಗೆ ಮೆಣಸಿನಕಾಯಿಯೊಂದನ್ನು ತೆಗೆದು ಎಲ್ಲ ಜಾಲರಿಗಳ ಮೇಲೂ ಇಟ್ಟು ನೋಡಿದಳು. ಬಿಳಿಯದರ ಸಂದಿಯಲ್ಲಿ ಅದು ಜಾರಿ ಬಿತ್ತು. ಹೂಬಳ್ಳಿ ವಿನ್ಯಾಸದ ಒರಟು ಕಬ್ಬಿಣದ್ದರ ಮೇಲೆ ನಿಂತಿತು.

“ಅಮ್ಮಾ, ಇಲ್ಲಿ ಯಾರೂ ಹೀಟರ್ ಗಾಳೀಲಿ ಮೆಣಸಿನಕಾಯಿ ಒಣಗಿಸಲ್ಲ,” ಅಪ್ಪ ಪಿಸುಗುಟ್ಟಿದರು.

“ನಾನು ಒಣಗಿಸ್ತೀನಲ್ಲ! ನಿಮ್ಮೂರಲ್ಲಿ ಬಿಸಿಲಿಲ್ಲ ಅಂತ ನಾನ್ಯಾಕೆ ಸುಮ್ನಿರ್ಲಿ?”

ಕಬ್ಬಿಣದ್ದೇ ಬಂತು. ಆ ಭಾನುವಾರ ಅಪ್ಪನ ಆಫೀಸಿನವರು ಊಟಕ್ಕೆ ಬಂದಾಗ ಅದರ ಮೇಲೆ ಮೆಣಸಿನಕಾಯಿಗಳು ಒಣಗುತ್ತಿದ್ದವು. ಒಬ್ಬರು ಮೂಗು ಮುಚ್ಚಿಕೊಂಡರು. ಅಪ್ಪ ಎಲ್ಲರೆದುರೇ ಮಂಡಿಯೂರಿ, ಒಂದೊಂದನ್ನೇ ನಿಧಾನವಾಗಿ ಮಗುಚಿದರು.