ಗೋಣಿ ಕಟ್ಟಿದ ಕಿಟಕಿ

ಹಸು ಈದ ದಿನವೇ, ದೃಷ್ಟಿ ತಾಗದಿರಲೆಂದು ಅತ್ತೆ ಕೊಟ್ಟಿಗೆಯ ಕಿಟಕಿಗಳಿಗೆಲ್ಲ ಗೋಣಿಚೀಲ ಕಟ್ಟಿದ್ದಳು. ಒಳಗೆ ಕುಳಿತು ಹಾಲು ಕರೆಯುವ ಸೊಸೆಗೆ ಕೆಮ್ಮು ಹತ್ತಿ ವಾರವಾಗಿತ್ತು. ಈಗ ಕರುವೂ ಕೆಮ್ಮುತ್ತಿತ್ತು.

"ಇವಳ ಕೆಮ್ಮೇ ಕರೂಗೆ ಅಂಟಿರೋದು ಡಾಕ್ಟ್ರೇ. ನಾಳೇನೇ ತವರಿಗೆ ಕಳಿಸ್ಬುಡ್ತೀನಿ. ಕರು ಒಂದು ಉಳಿಸ್ಕೊಡಿ," ಎಂದಳು ಅತ್ತೆ.

ದನದ ಡಾಕ್ಟರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. "ಗಾಳಿ ಆಡದೆ ಗಂಜಲದ ಗ್ಯಾಸು ತುಂಬ್ಕೊಂಡಿದೆ, ನೆಲದ ಹತ್ರ ಇನ್ನೂ ಜಾಸ್ತಿ. ಕರು ಪಕ್ಕ ಕೂತು ಒಂದ್ಸಲ ಉಸಿರು ತಗೊಳ್ಳಿ ಅಮ್ಮ."

"ನಿಂತ್ರೇನು, ಕೂತ್ರೇನು?" ಎಂದು ಗೊಣಗುತ್ತ ಅತ್ತೆ ಕುಕ್ಕರಗಾಲಲ್ಲಿ ಕುಳಿತಳು. ಕಣ್ಣು ಉರಿದು ನೀರಿಳಿಯಿತು. ಕೆಮ್ಮು ಒತ್ತರಿಸಿ ಬಂತು, ನಿಲ್ಲಲೇ ಇಲ್ಲ.

ಸೊಸೆ ನೀರಿನ ಚೊಂಬು ಚಾಚಿದಳು.

"ನಿಮ್ಮನ್ನ ಯಾವ ತವರಿಗೆ ಕಳಿಸೋದು, ಅತ್ತೆಮ್ಮ?"