ಪ್ಲೇಗಿನ ಪಾಠ

ಮಕ್ಕಳು ಯಾವ ಪಾಠ ಕೇಳಿದರೂ ಸಂಜೆಯವರೆಗೆ ಅದನ್ನು ಮೈಯಲ್ಲಿ ಅನುಭವಿಸುತ್ತಾರೆ. ಅದಕ್ಕೇ ಪಠ್ಯ ಸಮಿತಿಯಲ್ಲಿ ಎಲ್ಲರೂ ಮೆರವಣಿಗೆಗಳನ್ನೇ ಆರಿಸಿದ್ದರು. ರಾಜ್ಯದ ಇತಿಹಾಸದಲ್ಲಿ ಪ್ಲೇಗ್ ಕೂಡ ಇರಲಿ ಎಂದವಳು ನಾನೊಬ್ಬಳೇ. ಸೂಚಿಸಿದವರು ಮೊದಲು ಸಮಿತಿಯ ಎದುರಿಗೆ ತಮ್ಮ ಮಗುವಿಗೇ ಪಾಠ ಹೇಳಬೇಕೆಂಬುದು ನಿಯಮ.

ಎರಡನೇ ಪುಟಕ್ಕೇ ನನ್ನ ಮಗಳು ಇಂಚರಳ ಹಣೆ ಕೆಂಡವಾಯಿತು.

“ಸಾಕು ಬಿಡಿ ಮೇಡಂ, ದಸರಾ ಪಾಠಾನೇ ಇಟ್ಕೊಳ್ಳೋಣ,” ಎಂದರು ಅಧ್ಯಕ್ಷ ಪುಟ್ಟಮಾದಪ್ಪನವರು.

“ಸಂಜೆಗೆ ಇಳಿಯುತ್ತೆ ಸರ್,” ಎಂದೆ. ನೀರಿನ ಲೋಟವನ್ನು ಮಗಳ ತುಟಿಗೆ ಹಿಡಿದೆ.

ಇಂಚರ ಎರಡು ಗುಟುಕು ಕುಡಿದಳು. “ಅಮ್ಮಾ, ಊರಾಚೆ ಗುಡಿಸಲಲ್ಲಿ ಬಿಟ್ಟುಬಂದ್ರಲ್ಲ ಆ ಹುಡುಗೀನ, ಅವಳಿಗೆ ನೀರು ಯಾರು ಕೊಟ್ರು?”

ಯಾರೂ ಕೊಡಲಿಲ್ಲ ಎಂಬುದೇ ಪಾಠದ ಮುಂದಿನ ಸಾಲು. ಅದನ್ನು ಮುಚ್ಚಿದ್ದ ಬೆರಳನ್ನು ತೆಗೆಯಲು ನನ್ನಿಂದಾಗಲಿಲ್ಲ.